ನಮ್ಮೂರೇ ಅವರಿಗೆ ಪರದೇಶ

ಹೊಸಪೇಟೆಯ ತಂದೆಯೊಬ್ಬರು ಈ ಅಂಕಣಕ್ಕೆ ಪತ್ರ ಬರೆದಿದ್ದಾರೆ. ಅವರ ಅಣ್ಣನ ಮಕ್ಕಳು ಬೇಸಿಗೆ ರಜೆಯಲ್ಲಿ ಯುರೋಪು ಸುತ್ತಿ ಬಂದಿದ್ದಾರಂತೆ. ಕಂದಕ, ಬುರುಜು, ಎತ್ತರದ ಗೋಪುರಗಳಿರುವ ಕೋಟೆಗಳ ಚಿತ್ರಗಳನ್ನು ಮೊಬೈಲಿನಲ್ಲಿ ತೋರಿಸಿದ್ದಾರೆ. ಎಂಟನೆಯ ತರಗತಿಯ ಮಗಳು ಅಂದಿನಿಂದ ಸಪ್ಪಗಿದ್ದಾಳೆ. “ಅಷ್ಟು ದುಡ್ಡು ನಮ್ಮಲ್ಲಿಲ್ಲ. ಹಂಪಿಗಾದರೂ ಹೋಗಿ ಬರೋಣ ಬಾರಮ್ಮ ಎಂದರೆ, ಅಲ್ಲೇನಿದೆ, ಬರೀ ಕಲ್ಲು, ಎರಡು ಸಲ ಶಾಲೆಯಿಂದಲೇ ನೋಡಿದ್ದೇನೆ ಅನ್ನುತ್ತಾಳೆ. ಏನು ಹೇಳಲಿ ಮೇಷ್ಟ್ರೇ?” ಎಂದು ಕೇಳಿದ್ದಾರೆ.

ಅನುಕೂಲವಿದ್ದವರು ಯುರೋಪು ನೋಡಿ ಬರಲಿ, ಅದರಲ್ಲಿ ಕೊಂಕು ಹುಡುಕುವವನು ನಾನಲ್ಲ. ಆದರೆ ಆ ಹುಡುಗಿಗೆ ಒಂದು ಸಂಗತಿ ಗೊತ್ತಿರಬೇಕು. ಐನೂರು ಆರುನೂರು ವರ್ಷಗಳ ಹಿಂದೆ ಪರದೇಶ ನೋಡಲು ಹೊರಟವರು ನಮ್ಮೂರಿಗೆ ಬರುತ್ತಿದ್ದರು. ತಿಂಗಳುಗಟ್ಟಲೆ ಹಡಗಿನಲ್ಲಿ ಜೀವ ಕೈಯಲ್ಲಿ ಹಿಡಿದು ಬಂದವರು ನಮ್ಮ ಕೋಟೆ, ಪೇಟೆ, ಕೆರೆ, ಕಾಲುವೆಗಳನ್ನು ಬಾಯಿ ತೆರೆದು ನೋಡಿದರು. ಬರೀ ನೋಡಲಿಲ್ಲ, ಬರೆದಿಟ್ಟರು. ಎಂದರೆ ಹಂಪಿಗೆ ಹೋಗುವಾಗ ಕೈಗೆ ಬೇಕಾದ ಪುಸ್ತಕ ಆಗಲೇ ಸಿದ್ಧವಾಗಿದೆ.

1443ರಲ್ಲಿ ಬಂದ ಅಬ್ದುಲ್ ರಜಾಕನನ್ನು ನೋಡಿ. ಇಂದಿನ ಅಫ್ಘಾನಿಸ್ತಾನದಲ್ಲಿರುವ ಹೆರಾತ್ ನಗರದಿಂದ ಆಳುತ್ತಿದ್ದ ತೈಮೂರನ ಮಗ ಶಾರುಖನ ರಾಯಭಾರಿ ಆತ. ಹೊರ್ಮುಜ್‌ನಿಂದ ಹಡಗು ಹತ್ತಿ, ಕಲ್ಲಿಕೋಟೆಯಲ್ಲಿಳಿದು, ಮಂಗಳೂರಿನ ದಾರಿಯಾಗಿ ಘಟ್ಟ ಹತ್ತಿ ವಿಜಯನಗರಕ್ಕೆ ಬಂದ. ಆಗ ಆಳುತ್ತಿದ್ದವನು ಪ್ರೌಢದೇವರಾಯ. ಒಂದರೊಳಗೊಂದು ಏಳು ಸುತ್ತಿನ ಗೋಡೆಗಳಿದ್ದವೆಂದು ರಜಾಕ್ ಬರೆಯುತ್ತಾನೆ. ಹೊರಗಿನ ಸುತ್ತಿನ ಮುಂದೆ ಆಳೆತ್ತರದ ಕಲ್ಲುಗಳನ್ನು ಅರ್ಧ ನೆಲದಲ್ಲಿ ಹೂತು ಒತ್ತೊತ್ತಾಗಿ ನಿಲ್ಲಿಸಿದ್ದರಂತೆ. ಕುದುರೆ ದಂಡು ನುಗ್ಗಿ ಬರದಿರಲಿ ಎಂದು. ಮೊದಲ ಮೂರು ಸುತ್ತುಗಳ ನಡುವೆ ಹೊಲ, ತೋಟ, ಮನೆಗಳು. ಅಲ್ಲಿಂದ ಒಳಕ್ಕೆ ಅಂಗಡಿ ಬೀದಿಗಳು. ಎಲ್ಲಕ್ಕೂ ಒಳಗಿನ ಕೋಟೆ ಹೆರಾತಿನ ದೊಡ್ಡ ಮಾರುಕಟ್ಟೆಯ ಹತ್ತರಷ್ಟು ಜಾಗ ಹಿಡಿದಿದೆ ಎನ್ನುತ್ತಾನೆ.

ಇಲ್ಲೊಂದು ಸೂಕ್ಷ್ಮವಿದೆ. ಅವನ ಅಳತೆಗೋಲು ಹೆರಾತಿನ ಮಾರುಕಟ್ಟೆ. ಎಂಬತ್ತು ವರ್ಷಗಳ ಮೇಲೆ ಬಂದ ಪೋರ್ಚುಗೀಸನ ಅಳತೆಗೋಲು ರೋಮ್ ನಗರ. ಯಾರೇ ಆಗಲಿ ತಾವು ಚೆನ್ನಾಗಿ ಬಲ್ಲ ಒಂದನ್ನು ಹಿಡಿದು ಬಲ್ಲದ್ದಲ್ಲದ್ದನ್ನು ಅಳೆಯುತ್ತಾರೆ. ಭೌತಶಾಸ್ತ್ರದಲ್ಲಿ ನಾವು ಮಾಡುವುದೂ ಅದನ್ನೇ, ಮೀಟರು ಎಂಬುದು ಎಲ್ಲರೂ ಒಪ್ಪಿಕೊಂಡ ಒಂದು ಹೆರಾತ್ ಮಾರುಕಟ್ಟೆ ಅಷ್ಟೆ. ನಿಮ್ಮ ಮಗಳ ಅಳತೆಗೋಲು ಯಾವುದು? ಅವಳ ಶಾಲೆಯ ಆಟದ ಮೈದಾನವಾಗಬಹುದು. ಮಹಾನವಮಿ ದಿಬ್ಬದ ಸುತ್ತಲಿನ ಬಯಲಿನಲ್ಲಿ ಅಂಥ ಎಷ್ಟು ಮೈದಾನ ಹಿಡಿಸುತ್ತವೆ? ಹೆಜ್ಜೆ ಎಣಿಸಿ ಬರಲಿ.

ಏಳು ಸುತ್ತುಗಳನ್ನೂ ಇಂದು ಬಿಡಿಸಿ ತೋರಿಸುವುದು ಕಷ್ಟ. ಆದರೆ ಗೋಡೆಗಳು ಧಾರಾಳವಾಗಿ ಉಳಿದಿವೆ. ನಮ್ಮ ಮಕ್ಕಳು ಅವುಗಳ ಮುಂದೆ ನಿಂತು ಚಿತ್ರ ತೆಗೆಸಿಕೊಂಡು ಮುಂದಕ್ಕೆ ಹೋಗುತ್ತಾರೆ. ಸ್ವಲ್ಪ ನಿಲ್ಲಿ. ಕಲ್ಲು ಕಲ್ಲಿನ ನಡುವೆ ಗಾರೆ ಇದೆಯೇ? ಇಲ್ಲ. ಹಾಗಾದರೆ ಶತಮಾನಗಳಿಂದ ಬೀಳದೆ ನಿಂತದ್ದು ಹೇಗೆ? ಗೋಡೆ ಕುಸಿದಿರುವ ಕಡೆ ಇಣುಕಿ ನೋಡಿದರೆ ಗುಟ್ಟು ತಿಳಿಯುತ್ತದೆ. ಹೊರಮೈಯಲ್ಲಿ ಅಗಲವಾಗಿ ಕಾಣುವ ಕಲ್ಲು ಒಳಕ್ಕೆ ಹೋಗುತ್ತ ಚೂಪಾಗುತ್ತದೆ. ಆ ಚೂಪು ತುದಿ ಗೋಡೆಯ ನಡುವೆ ತುಂಬಿದ ಮಣ್ಣು, ಕಲ್ಲುಚೂರುಗಳಲ್ಲಿ ಹಲ್ಲಿನ ಬೇರಿನಂತೆ ಹೂತಿರುತ್ತದೆ. ಭಾರ, ಘರ್ಷಣೆ, ಇವೆರಡೇ ಅಲ್ಲಿನ ಗಾರೆ. ಸುತ್ತಲಿನ ಬಂಡೆಗಳಲ್ಲಿ ಹೊಲಿಗೆ ಹಾಕಿದಂತೆ ಸಾಲಾಗಿ ಕೊರೆದ ಚೌಕದ ಗುಳಿಗಳಿವೆಯಲ್ಲ, ಅವು ಕಲ್ಲು ಸೀಳಲು ಬೆಣೆ ಬಡಿದ ಗುರುತು. ಗುಳಿಯಿಂದ ಗುಳಿಗೆ ಎಷ್ಟು ಬೆರಳು ಅಂತರ? ನಾಲ್ಕಾರು ಬಂಡೆಗಳಲ್ಲಿ ಅಳೆದು ಬರೆದುಕೊಳ್ಳಿ. ಅರ್ಧಕ್ಕೆ ಬಿಟ್ಟ ಬಂಡೆ ಸಿಕ್ಕರೆ ನಿಮ್ಮ ಅದೃಷ್ಟ.

ಬಾಗಿಲುಗಳೂ ಹಾಗೆಯೇ. ಭೀಮನ ಬಾಗಿಲಿನಲ್ಲಿ ನೇರವಾಗಿ ಒಳಗೆ ಹೋಗಲಾಗುವುದಿಲ್ಲ, ತಿರುಗಿ ತಿರುಗಿ ಹೋಗಬೇಕು. ಓಡಿ ಬರುವ ಆನೆಗೆ ವೇಗವಿದ್ದರೆ ತಾನೇ ಬಾಗಿಲು ಮುರಿಯುವ ಬಲ? ತಿರುವಿನಲ್ಲಿ ವೇಗ ಕಳೆದುಕೊಂಡರೆ ಮುಗಿಯಿತು. ಸಂವೇಗದ ಪಾಠವನ್ನು ಇಷ್ಟು ಚೆನ್ನಾಗಿ ಹೇಳುವ ಕಪ್ಪು ಹಲಗೆ ನಮ್ಮ ಶಾಲೆಯಲ್ಲಿಲ್ಲ.

ಯುರೋಪಿನ ಕೋಟೆಯೊಂದನ್ನು ಮನಸ್ಸಿಗೆ ತಂದುಕೊಳ್ಳಿ. ಅದು ಬಹುಮಟ್ಟಿಗೆ ಒಬ್ಬ ದೊರೆಯ, ಇಲ್ಲವೆ ಜಮೀನ್ದಾರನ ಭದ್ರವಾದ ಮನೆ. ಇಲ್ಲಿಯದು ಹಾಗಲ್ಲ, ಗೋಡೆಯೊಳಗೇ ಗದ್ದೆಗಳಿದ್ದವು. ಮುತ್ತಿಗೆ ಬಿದ್ದರೂ ಊಟಕ್ಕೆ ದಾರಿ ಬೇಕಲ್ಲ! ಆ ಗದ್ದೆಗಳಿಗೆ ನೀರುಣಿಸಿದ ತುರ್ತು ಕಾಲುವೆ ಇಂದಿಗೂ ಹರಿಯುತ್ತಿದೆ. ಅರಮನೆಗಳು ನೆಲಕಚ್ಚಿದವು, ಕಾಲುವೆ ಮಾತ್ರ ಕೆಲಸ ಬಿಡಲಿಲ್ಲ. ಹಂಪಿಗೆ ಹೋದವರು ಕಲ್ಲಿನ ರಥಕ್ಕೆ ಕೊಡುವ ಹೊತ್ತಿನ ಕಾಲುಭಾಗವನ್ನಾದರೂ ಈ ಕಾಲುವೆಯ ದಂಡೆಗೆ ಕೊಡಲಿ ಎಂಬುದು ನನ್ನ ಹಳೆಯ ಹಟ.

ಈಗ ಆ ಪೋರ್ಚುಗೀಸನ ಮಾತು. ಹೆಸರು ಡೊಮಿಂಗೊ ಪೇಸ್. 1520ರ ಸುಮಾರಿಗೆ, ಕೃಷ್ಣದೇವರಾಯನ ಕಾಲದಲ್ಲಿ ಬಂದ. ಗುಡ್ಡಗಳ ಮರೆಯಿಂದಾಗಿ ಊರು ಒಂದೇ ನೋಟಕ್ಕೆ ಸಿಕ್ಕದೆ, ಒಂದು ಗುಡ್ಡ ಹತ್ತಿ ನೋಡಿದ. ಅಲ್ಲಿಂದ ಕಂಡಷ್ಟೇ ಭಾಗ ರೋಮಿನಷ್ಟು ದೊಡ್ಡದಾಗಿ ತೋರಿತು ಎಂದು ಬರೆದ. ‘ಕಂಡಷ್ಟೇ’ ಎನ್ನುವ ಮಾತನ್ನು ಗಮನಿಸಿ. ಕಾಣದ್ದರ ಲೆಕ್ಕವನ್ನು ಆತ ಸೇರಿಸಲಿಲ್ಲ. ಅರಮನೆಯ ಒಳಗೆ ಹೋದಾಗ ಮೇಲಿಂದ ಕೆಳಗಿನವರೆಗೂ ದಂತದಿಂದಲೇ ಮಾಡಿದ ಕೋಣೆಯನ್ನು ಕಂಡು ಅದನ್ನೂ ಬರೆದ.

ರಾಯನ ಬಗ್ಗೆ ಅವನು ಬರೆದದ್ದು ನಮ್ಮ ವಿದ್ಯಾರ್ಥಿಗಳಿಗೆ ಬಹಳ ಇಷ್ಟ. ಸಾಧಾರಣ ಎತ್ತರ, ಬಿಳಿ ಎನ್ನಬಹುದಾದ ಬಣ್ಣ, ತೆಳ್ಳಗಲ್ಲ, ಸ್ವಲ್ಪ ದಪ್ಪವೇ. ಮುಖದ ಮೇಲೆ ಸಿಡುಬಿನ ಕಲೆ. ಬೆಳಗಾಗುವ ಮುಂಚೆ ಎದ್ದು ಎಳ್ಳೆಣ್ಣೆ ಕುಡಿದು, ಮೈಗೆಲ್ಲ ಎಣ್ಣೆ ಹಚ್ಚಿಸಿಕೊಂಡು, ಭಾರ ಎತ್ತಿ, ಕತ್ತಿ ವರಸೆ ಮಾಡಿ, ಜಟ್ಟಿಯೊಡನೆ ಕುಸ್ತಿ ಆಡಿ, ಕುದುರೆ ಸವಾರಿ ಮಾಡುತ್ತಿದ್ದ. ಆಸ್ಥಾನದಲ್ಲಿ ಎಷ್ಟೊಂದು ಕವಿಗಳಿದ್ದರು! ದೊರೆಯ ಮುಖದ ಸಿಡುಬಿನ ಕಲೆಯನ್ನು ಬರೆಯುವ ಧೈರ್ಯ ಅವರಲ್ಲಿ ಯಾರಿಗೆ ಬಂದೀತು? ಹಂಗಿಲ್ಲದ ಪರದೇಶದವನ ಕಣ್ಣಿಗೆ ಇರುವ ಅನುಕೂಲ ಇದು.

ಆದರೆ ಪೇಸ್ ಬರೆದುದರಲ್ಲೆಲ್ಲ ನನಗೆ ಹೆಚ್ಚು ಪ್ರಿಯವಾದದ್ದು ಕೆರೆಯ ಪ್ರಸಂಗ. ರಾಯ ಕಟ್ಟಿಸುತ್ತಿದ್ದ ಹೊಸ ಊರು ನಾಗಲಾಪುರ, ಎಂದರೆ ಇಂದಿನ ಹೊಸಪೇಟೆ. ಅಲ್ಲಿಂದ ರಾಜಧಾನಿಯವರೆಗೆ ಅಗಲವಾದ ಬೀದಿ, ಇಬ್ಬದಿಗೂ ಮನೆ ಅಂಗಡಿಗಳು, ನೆರಳಿಗೆಂದು ರಾಯ ನೆಡಿಸಿದ ಸಾಲುಮರ. (ಇಂದು ಅದೇ ಊರಿನ ಬಸ್ ನಿಲ್ದಾಣದಲ್ಲಿ ಮೇ ತಿಂಗಳ ಮಧ್ಯಾಹ್ನ ನಿಂತವರಿಗೆ ಆ ಮರಗಳ ಬೆಲೆ ಗೊತ್ತಾಗುತ್ತದೆ.) ಊರಿನ ಪಕ್ಕದಲ್ಲಿ ಎರಡು ಗುಡ್ಡಗಳ ನಡುವೆ ಏರಿ ಹಾಕಿ ದೊಡ್ಡ ಕೆರೆ ಕಟ್ಟಿಸುವ ಕೆಲಸ ನಡೆದಿತ್ತು. ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳಂತೆ ಕವಿದಿದ್ದು, ಅವರು ನಡೆಯುವ ನೆಲವೇ ಕಾಣುತ್ತಿರಲಿಲ್ಲ ಎನ್ನುತ್ತಾನೆ. ಆ ಕೆರೆ ಎರಡು ಮೂರು ಸಲ ಒಡೆಯಿತು. ದೇವರು ಮುನಿದಿದ್ದಾನೆಂದು ಬಲಿ ಕೊಡಿಸಿದ ಸಂಗತಿಯನ್ನೂ ಅವನು ಬರೆದಿದ್ದಾನೆ, ನರಬಲಿಯನ್ನು ಕೂಡ. ಓದುವಾಗ ಮೈ ಜುಮ್ಮೆನ್ನುತ್ತದೆ. ಮಕ್ಕಳಿಂದ ಇದನ್ನು ಮುಚ್ಚಿಡಬೇಕಾಗಿಲ್ಲ. ಸುವರ್ಣಯುಗ ಎಂದು ನಾವು ಹಾಡಿ ಹೊಗಳುವ ಕಾಲದಲ್ಲಿಯೂ ಏರಿ ಒಡೆದದ್ದಕ್ಕೆ ಕಾರಣವನ್ನು ಮಣ್ಣಿನಲ್ಲಿ ಹುಡುಕದೆ ಬೇರೆಡೆ ಹುಡುಕಿದರು.

ಇದೇ ಕೆರೆಯ ಇನ್ನೊಂದು ಭಾಗದ ಕಥೆಯನ್ನು ಹದಿನೈದು ವರ್ಷಗಳ ಬಳಿಕ, ಅಚ್ಯುತರಾಯನ ಕಾಲದಲ್ಲಿ ಇಲ್ಲಿದ್ದ ನ್ಯೂನಿಜ್ ಎಂಬ ಇನ್ನೊಬ್ಬ ಪೋರ್ಚುಗೀಸ್ ಬರೆದಿದ್ದಾನೆ. ಇವನು ಕುದುರೆ ವ್ಯಾಪಾರಿ. ಕೆರೆಯ ಕೆಲಸಕ್ಕಾಗಿ ಗೋವೆಯ ಪೋರ್ಚುಗೀಸ್ ಗವರ್ನರ್ ಒಬ್ಬ ಕಲ್ಲು ಕೆಲಸದ ಮೇಸ್ತ್ರಿಯನ್ನು ಕಳುಹಿಸಿದ್ದನಂತೆ, ಹೆಸರು ಜೊವಾಂವ್ ದೆಲ್ಲಾ ಪೊಂಟೆ. ಕೆಲಸ ಅಸಾಧ್ಯವೆಂದು ಕಂಡರೂ ಮಾಡಿಕೊಡುತ್ತೇನೆಂದು ಒಪ್ಪಿದ ಮೇಸ್ತ್ರಿ, ಸುಣ್ಣ ತರಿಸಿಕೊಡಿ ಎಂದು ಕೇಳಿದ. ರಾಯ ನಕ್ಕುಬಿಟ್ಟ. ಏಕೆಂದರೆ ಈ ದೇಶದಲ್ಲಿ ಮನೆ ಕಟ್ಟುವವರಿಗೆ ಸುಣ್ಣ ಬಳಸುವುದು ಗೊತ್ತಿಲ್ಲ ಎಂದು ನ್ಯೂನಿಜ್ ಕಾರಣ ಕೊಡುತ್ತಾನೆ.

ಒಂಬತ್ತನೆಯ ತರಗತಿಯಲ್ಲಿ ಈ ಕಥೆ ಹೇಳುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. “ಸಾರ್, ಸುಣ್ಣ ಗೊತ್ತಿಲ್ಲ ಅಂದ್ರೆ ರಾಯರು ಎಲೆಗೆ ಏನು ಹಚ್ಚುತಿದ್ರು?” ತರಗತಿಯೆಲ್ಲ ಗೊಳ್ಳೆಂದಿತು. ನಾನು ನಗಲಿಲ್ಲ. ಅದು ಆ ವರ್ಷ ನಾನು ಕೇಳಿದ ಅತ್ಯುತ್ತಮ ಪ್ರಶ್ನೆ. ರಜಾಕ್ ಎಲೆಯಡಿಕೆ ಹಾಕುವ ಕ್ರಮವನ್ನು ವಿವರವಾಗಿ ಬರೆದಿದ್ದಾನೆ, ಎಲೆಗೆ ಸುಣ್ಣ ಹಚ್ಚುವುದನ್ನೂ ಸೇರಿಸಿ. ಸುಣ್ಣ ಸುಡುವುದು ಬಲ್ಲವರಿಗೆ ಗಾರೆ ಗೊತ್ತಿರಲಿಲ್ಲವೇ? ಉತ್ತರಕ್ಕೆ ಪುಸ್ತಕ ಬೇಡ, ಹಂಪಿಗೇ ಹೋಗಿ. ಗೋಪುರಗಳ ಕೆಳಭಾಗ ಕಲ್ಲು, ಮೇಲ್ಭಾಗ ಇಟ್ಟಿಗೆ ಮತ್ತು ಗಾರೆ. ಕಮಲ ಮಹಲು ಇಟ್ಟಿಗೆ ಗಾರೆಯದು, ಅದರ ಮೇಲಿನ ನಯವಾದ ಗಿಲಾವು ಸುಣ್ಣದ್ದು. ಹಾಗಾದರೆ ನ್ಯೂನಿಜ್ ಸುಳ್ಳು ಹೇಳಿದನೇ? ಕೋಟೆಯ ಗೋಡೆಗಳನ್ನು ಗಾರೆಯಿಲ್ಲದೆ ಕಟ್ಟಿದ್ದನ್ನು ಆತ ಕಂಡಿರಬೇಕು, ಒಂದನ್ನು ಕಂಡು ಎಲ್ಲಕ್ಕೂ ಹೊಂದಿಸಿರಬೇಕು. ಪ್ರಯೋಗಶಾಲೆಯಲ್ಲಿ ಒಂದೇ ಸಲ ಅಳೆದು ಸಾಮಾನ್ಯ ನಿಯಮ ಬರೆಯುವ ವಿದ್ಯಾರ್ಥಿಗಳನ್ನು ನಾನು ದಿನವೂ ನೋಡುತ್ತೇನೆ.

ಕೊನೆಗೆ ಕೆರೆ ನಿಂತಿತು. ಅದರ ನೀರಿನಿಂದ ಸಾಗುವಳಿ ಮಾಡುವವರಿಗೆ ಒಂಬತ್ತು ವರ್ಷ ಭೂಮಿಯನ್ನು ಕಂದಾಯವಿಲ್ಲದೆ ಬಿಟ್ಟುಕೊಟ್ಟರೆಂದೂ, ಆಮೇಲೆ ಅದರ ಉತ್ಪತ್ತಿ 20,000 ಪರದಾವುಗಳಿಗೆ, ಎಂದರೆ ಅಂದಿನ ಹೊನ್ನಿನ ನಾಣ್ಯಗಳಿಗೆ, ಏರಿತೆಂದೂ ನ್ಯೂನಿಜ್ ಲೆಕ್ಕ ಕೊಡುತ್ತಾನೆ. ಹೊಸಪೇಟೆಯ ದಕ್ಷಿಣಕ್ಕೆ, ಸಂಡೂರಿನ ಗುಡ್ಡಸಾಲಿನ ಮಗ್ಗುಲಲ್ಲಿ ರಾಯರ ಕೆರೆಯ ಏರಿ ಈಗಲೂ ಇದೆ. ಎಷ್ಟೋ ಜನ ಅದು ಏರಿ ಎಂದು ತಿಳಿಯದೆ ಅದರ ಪಕ್ಕದಲ್ಲೇ ಓಡಾಡುತ್ತಾರೆ. ಅದೇ ಊರಿನ ಇನ್ನೊಂದು ಬದಿಗೆ 1953ರಲ್ಲಿ ನೀರು ನಿಲ್ಲಿಸಿದ ತುಂಗಭದ್ರಾ ಅಣೆಕಟ್ಟೆ. ಅದರ 33 ಗೇಟುಗಳಲ್ಲಿ 19ನೆಯದು 2024ರ ಆಗಸ್ಟಿನಲ್ಲಿ ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಆಗ ಹರಿಯುವ ನೀರಿನಲ್ಲೇ ಉಕ್ಕಿನ ತಡೆಗಳನ್ನಿಳಿಸಿ ನೀರು ನಿಲ್ಲಿಸಿದ ಎಂಜಿನಿಯರುಗಳನ್ನೂ ಕೆಲಸಗಾರರನ್ನೂ ಊರಿಗೆ ಊರೇ ಕಣ್ಣಾರೆ ಕಂಡಿತು. ಹೊಸಪೇಟೆಯ ಮಕ್ಕಳಿಗೆ ಪೇಸ್ ಬರೆದದ್ದು ಬೇರೆಯವರಿಗಿಂತ ಬೇಗ ಅರ್ಥವಾದೀತು.

ಪೇಸ್ ಮತ್ತು ನ್ಯೂನಿಜರ ಬರಹಗಳು ಪ್ಯಾರಿಸಿನ ಗ್ರಂಥಾಲಯದಲ್ಲಿ ಮಲಗಿದ್ದು, ಲಿಸ್ಬನ್ನಿನಲ್ಲಿ ಅಚ್ಚಾದದ್ದು 1897ರಲ್ಲಿ. ನಮ್ಮ ಜಿಲ್ಲೆಯಲ್ಲಿ ಅಧಿಕಾರಿಯಾಗಿದ್ದ ರಾಬರ್ಟ್ ಸಿವೆಲ್ 1900ರಲ್ಲಿ ಇಂಗ್ಲಿಷಿಗೆ ತಂದ. ಆ ಹಸ್ತಪ್ರತಿಯನ್ನು ಗೆದ್ದಲು ತಿಂದಿದ್ದರೆ? ರಾಯನ ಸಿಡುಬಿನ ಕಲೆ, ಇರುವೆಯಂತೆ ಕವಿದ ಕೆಲಸಗಾರರು, ಒಡೆದ ಏರಿ, ಎಲ್ಲವೂ ಹೋಗುತ್ತಿತ್ತು. 1565ರ ಯುದ್ಧ ಮುಗಿದ ಎರಡು ವರ್ಷಕ್ಕೆ ಬಂದ ವೆನಿಸ್ಸಿನ ವರ್ತಕ ಸೀಸರ್ ಫ್ರೆಡರಿಕ್ ಏಳು ತಿಂಗಳು ಇಲ್ಲಿದ್ದ. ಮನೆಗಳು ನಿಂತೇ ಇದ್ದವು, ಒಳಗೆ ಹುಲಿ ಮುಂತಾದ ಕಾಡುಪ್ರಾಣಿಗಳಷ್ಟೇ ಇದ್ದವೆಂದು ಜನ ಹೇಳುತ್ತಿದ್ದರು ಎಂದು ಆತ ಬರೆದ. ‘ಜನ ಹೇಳುತ್ತಿದ್ದರು’ ಎಂಬುದನ್ನು ಬಿಡದೆ ಬರೆದ, ಅದು ಅವನ ಪ್ರಾಮಾಣಿಕತೆ.

1856ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯ ಚಿತ್ರ ತೆಗೆದ. ಅವನ ಚಿತ್ರದಲ್ಲಿ ವಿಜಯವಿಠ್ಠಲನ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವಿದೆ. ಇಂದು ಇಲ್ಲ. ಹೀಗೆ ಇದ್ದದ್ದು ಇಲ್ಲವಾಗುವುದು ಹಳೆಯ ಕಾಲಕ್ಕೇ ಮುಗಿದಿಲ್ಲ. 2019ರ ಫೆಬ್ರುವರಿಯಲ್ಲಿ ಆನೆಲಾಯದ ಹತ್ತಿರದ ವಿಷ್ಣು ದೇವಾಲಯದ ಆವರಣದಲ್ಲಿ ಯುವಕರು ಕಂಬವೊಂದನ್ನು ತಳ್ಳಿ ಬೀಳಿಸಿದ ಚಿತ್ರ ದೇಶವೆಲ್ಲ ಹರಿದಾಡಿತು. ನ್ಯಾಯಾಲಯ ಅವರಿಗೆ ದಂಡ ಹಾಕಿ, ಕಂಬವನ್ನು ಅವರ ಕೈಯಿಂದಲೇ ಎತ್ತಿ ನಿಲ್ಲಿಸುವಂತೆ ಮಾಡಿತು. ಒಳ್ಳೆಯ ತೀರ್ಪು. ಆ ಹುಡುಗರೂ ಯಾವುದೋ ಶಾಲೆಯಲ್ಲಿ ಓದಿದವರೇ. ಆ ಕಂಬದ ಭಾರವನ್ನು ಲೆಕ್ಕ ಹಾಕಿದವನು, ಅದನ್ನು ಕ್ರೇನಿಲ್ಲದೆ ಹೇಗೆ ನಿಲ್ಲಿಸಿದರೆಂದು ಒಂದು ಗಳಿಗೆ ತಲೆ ಕೆಡಿಸಿಕೊಂಡವನು ಅದನ್ನು ತಳ್ಳುತ್ತಿರಲಿಲ್ಲ ಎಂದೇ ನನಗೆ ತೋರುತ್ತದೆ. ಸಪ್ತಸ್ವರ ಕೇಳುತ್ತೇವೆಂದು ಕಂಬ ಬಡಿಯುವವರಿಗೂ ಇದೇ ಮಾತು.

ವಿರೂಪಾಕ್ಷ ದೇವಾಲಯಕ್ಕೆ ಹೋದವರು ಹಿಂಭಾಗದ ಕತ್ತಲೆ ಕೋಣೆಯನ್ನು ತಪ್ಪದೆ ನೋಡಿ. ಗೋಡೆಯ ಸಣ್ಣ ಕಿಂಡಿಯಿಂದ ಬಂದ ಬೆಳಕು ಎದುರು ಗೋಡೆಯ ಮೇಲೆ ರಾಜಗೋಪುರವನ್ನು ತಲೆಕೆಳಗಾಗಿ ಮೂಡಿಸುತ್ತದೆ. ಕೆಲವರು ಕೈ ಮುಗಿಯುತ್ತಾರೆ, ಕೆಲವರು ಮೊಬೈಲು ತೆಗೆಯುತ್ತಾರೆ. ಅದು ಸೂಜಿರಂಧ್ರ ಕ್ಯಾಮೆರಾ. ಬೆಳಕು ನೇರವಾಗಿ ಚಲಿಸುವುದರಿಂದ ಗೋಪುರದ ತುದಿಯ ಕಿರಣ ಕಿಂಡಿ ದಾಟಿ ಕೆಳಕ್ಕೂ, ಬುಡದ ಕಿರಣ ಮೇಲಕ್ಕೂ ಹೋಗುತ್ತದೆ. ಬಿಂಬದ ಎತ್ತರವನ್ನೂ ಕಿಂಡಿಯಿಂದ ಗೋಡೆಗಿರುವ ದೂರವನ್ನೂ ಕಣ್ಣಂದಾಜಿನಲ್ಲಿ ಗುರುತು ಹಾಕಿಕೊಳ್ಳಿ. ಬಿಂಬ ಆ ದೂರದ ಅರ್ಧದಷ್ಟಿದ್ದರೆ ಗೋಪುರವೂ ಕಿಂಡಿಯಿಂದ ತನಗಿರುವ ದೂರದ ಅರ್ಧದಷ್ಟು ಎತ್ತರವಿರಬೇಕು. ಹತ್ತನೆಯ ತರಗತಿಯ ಸಮರೂಪ ತ್ರಿಭುಜ ಅಷ್ಟೆ. ಹೊರಗೆ ಬಂದು ಹೆಜ್ಜೆ ಹಾಕಿ ದೂರ ಅಳೆದರೆ ಎತ್ತರ ಕೈಗೆ ಬರುತ್ತದೆ. ಸುಮಾರು 50 ಮೀಟರಿನ ಹತ್ತಿರ ಬಂತೋ ನೋಡಿ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನದ ಮೇಲೆ ಒಮ್ಮೆ ಹೋಗಿ, ಬಿಂಬ ಯಾವಾಗ ಹೆಚ್ಚು ಸ್ಪಷ್ಟ, ಏಕೆ ಎಂಬುದನ್ನೂ ಬರೆದುಕೊಳ್ಳಿ.

ಹಂಪಿಗೆ ಇಷ್ಟು ಅತಿಥಿಗಳು ಬಂದರು. ಕಂಪ್ಲಿಗೆ ಪೇಸ್‌ನಂಥವನು ಬರಲಿಲ್ಲ. ಕಂಪಿಲರಾಯನ, ಕುಮಾರರಾಮನ ನಾಡು ಅದು. ಮಹಮ್ಮದ್ ಬಿನ್ ತುಘಲಕನ ಸೈನ್ಯ 1327ರಲ್ಲಿ ಅದನ್ನು ಮುರಿಯಿತು. ಮೊರಾಕ್ಕೋದ ಇಬ್ನ್ ಬತೂತ ಆ ಕಥೆ ಬರೆದಿದ್ದಾನೆ, ಆದರೆ ಕಂಪ್ಲಿಯನ್ನು ನೋಡಿ ಅಲ್ಲ, ಕೆಲವು ವರ್ಷಗಳ ಮೇಲೆ ದೆಹಲಿಗೆ ಬಂದು ಅಲ್ಲಿ ಕೇಳಿ. ಸೆರೆಯಾಗಿ ಹೋದ ರಾಯನ ಮಕ್ಕಳಲ್ಲಿ ಮೂವರನ್ನು ದೆಹಲಿಯ ದರ್ಬಾರಿನಲ್ಲಿ ತಾನೇ ಕಂಡಿದ್ದನ್ನು ಮಾತ್ರ ಬೇರೆಯಾಗಿ ಹೇಳುತ್ತಾನೆ. ಅದಕ್ಕೂ ಮುಂಚೆ, 11ನೆಯ ಶತಮಾನದಲ್ಲಿ, ಕಂಪ್ಲಿಯಲ್ಲಿದ್ದ ಚಾಲುಕ್ಯರ ಅರಮನೆಯನ್ನು ಕೆಡವಿದ್ದಾಗಿ ಚೋಳರು ಶಾಸನಗಳಲ್ಲಿ ಹೇಳಿಕೊಂಡಿದ್ದಾರೆ. ಕೆಡವಿದವರ ಬರಹ ಇದೆ, ಕಟ್ಟಿದವರದು ಸಿಕ್ಕುವುದು ಕಡಿಮೆ. ಹೊಳೆಯ ದಂಡೆಯಲ್ಲಿ ಇಂದು ಉಳಿದ ಕೋಟೆಗೆ ತುಂಗಭದ್ರೆಯೇ ಒಂದು ಬದಿಯ ಕಂದಕ. ಜಲಾಶಯದಿಂದ ಹೆಚ್ಚು ನೀರು ಬಿಟ್ಟ ಎಷ್ಟೋ ಮಳೆಗಾಲಗಳಲ್ಲಿ ಗಂಗಾವತಿಯ ಕಡೆಗಿನ ಸೇತುವೆ ಮುಳುಗಿ ಸಂಚಾರ ನಿಂತಿದೆ. ಅಂಥ ದಿನ ದಂಡೆಯಲ್ಲಿ ದೂರ ನಿಂತು ನೋಡಿದರೆ ಕೋಟೆಗೆ ಆ ಜಾಗವನ್ನೇ ಏಕೆ ಆರಿಸಿದರೆಂದು ಯಾರೂ ಹೇಳಿಕೊಡಬೇಕಿಲ್ಲ. ಕಂಪ್ಲಿಯ ಶಾಲೆಗಳ ಮಕ್ಕಳು ಗೋಡೆ ಎಲ್ಲಿ ಮುಗಿದು ಮನೆ ಎಲ್ಲಿ ಶುರುವಾಗುತ್ತದೆ ಎಂದು ಒಂದು ನಕ್ಷೆ ಬರೆದರೆ ಅದೇ ಅವರ ಊರಿನ ಪೇಸ್ ಪುಸ್ತಕ.

ಸಂಡೂರಿನಲ್ಲಿ ಕೋಟೆಯನ್ನು ಕಟ್ಟುವ ಶ್ರಮದ ಬಹುಭಾಗವನ್ನು ಭೂಮಿಯೇ ಮಾಡಿಮುಗಿಸಿದೆ. ಸುತ್ತಲೂ ಗುಡ್ಡ, ನಡುವೆ ಕಣಿವೆ, ಬಾಗಿಲುಗಳಂತೆ ಭೀಮಗಂಡಿ, ಉಬ್ಬಲಗಂಡಿಗಳು. ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನ 1949ರವರೆಗೆ ಈ ಗುಡ್ಡಗಳ ಮರೆಯಲ್ಲಿ ಉಳಿದದ್ದು ಸುಮ್ಮನೆ ಅಲ್ಲ. ಕೃಷ್ಣಾನಗರದ ಕೋಟೆಯನ್ನು ನೋಡಿ, ಆಮೇಲೆ ತಲೆಯೆತ್ತಿ ಗುಡ್ಡದ ಗೆರೆಯನ್ನು ನೋಡಿ. ಹಂಪಿಯ ಗುಂಡುಬಂಡೆಗಳು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್, ಸಂಡೂರಿನ ಗುಡ್ಡಗಳು ಅದಕ್ಕೂ ಹಿರಿಯವು, ಕಬ್ಬಿಣದ ಅದಿರಿನವು. ಈ ಪ್ರಕೃತಿಯ ಕೋಟೆಗೋಡೆಯನ್ನು ಫಿರಂಗಿಗಳಿಗಿಂತ ಹೆಚ್ಚು ಕೆಡವಿದ್ದು ನಮ್ಮ ಕಾಲದ ಯಂತ್ರಗಳು. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು, ಮುಂದೆ ಮಿತಿಗಳನ್ನು ಹಾಕಿ ಮತ್ತೆ ಅನುಮತಿ ಸಿಕ್ಕಿತು. ಹಳೆಯ ಚಿತ್ರಗಳಲ್ಲಿರುವ ಗುಡ್ಡದ ಗೆರೆಗೂ ಇಂದಿನ ಗೆರೆಗೂ ವ್ಯತ್ಯಾಸವಿದೆಯೇ ಎಂಬುದನ್ನು ಸಂಡೂರಿನ ಅಜ್ಜ ಅಜ್ಜಿಯರು ಬೆರಳು ತೋರಿಸಿ ಹೇಳಬಲ್ಲರು. ಕೇಳಿ ಬರೆದುಕೊಳ್ಳಿ, ಮುಂದೆ ‘ಕೇಳಿದ್ದು’ ಎಂದು ಸೇರಿಸಿ.

ಅಲ್ಲಿ ದಾರಿಬದಿಯಲ್ಲಿ ಸಿಗುವ ಕಪ್ಪು ಕೆಂಪು ಕಲ್ಲಿನ ಒಂದು ಚೂರು, ಮನೆಯಲ್ಲಿ ಉಳಿದಿರುವ ಬಿಳಿ ಟೈಲಿನ ತುಂಡು, ಒಂದು ಅಯಸ್ಕಾಂತ, ಇಷ್ಟು ಸಾಕು. ಟೈಲಿನ ಒರಟಾದ ಹಿಂಬದಿಯ ಮೇಲೆ ಕಲ್ಲನ್ನು ಗೀಚಿ. ಕಲ್ಲು ಎಷ್ಟೇ ಕಪ್ಪಾಗಿರಲಿ, ಗೆರೆ ಕೆಂಗಂದು ಬಂದರೆ ಅದು ಹೆಮಟೈಟ್. ಗೆರೆಯೂ ಕಪ್ಪಾಗಿ, ಅಯಸ್ಕಾಂತಕ್ಕೆ ಗಟ್ಟಿಯಾಗಿ ಅಂಟಿಕೊಂಡರೆ ಮ್ಯಾಗ್ನೆಟೈಟ್. ಯಾವ ತಾರೀಖು, ಯಾವ ಗಂಡಿಯ ಬಳಿ ಸಿಕ್ಕಿತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಕಲ್ಲಿನ ಜೊತೆಗೇ ಕಟ್ಟಿಡಿ. ಹಂಪಿಯ ಸ್ಮಾರಕಗಳ ಆವರಣದಿಂದ ಮಾತ್ರ ಇಟ್ಟಿಗೆಯ ಚೂರನ್ನೂ ಎತ್ತಿ ತರಬೇಡಿ, ಅದು ಅಪರಾಧ.